ಪಾಲಿಗ್ರಾಫ್ ಸುಳ್ಳು ಹಿಡಿಯುತ್ತದೆ ಎಂದಿದ್ದೆ, ಕೆಲಸ ತಪ್ಪಿತು

ವಿಧಿವಿಜ್ಞಾನ ಪ್ರಯೋಗಾಲಯವೊಂದರಲ್ಲಿ ಫೊರೆನ್ಸಿಕ್ ಸೈಕಾಲಜಿ ವಿಭಾಗದ ಹುದ್ದೆಗೆ ಹೋಗಿದ್ದೆ. ಪಾಲಿಗ್ರಾಫ್ ಏನು ಮಾಡುತ್ತದೆ ಎಂದು ಕೇಳಿದರು. ಸುಳ್ಳು ಪತ್ತೆ ಮಾಡುತ್ತದೆ ಸಾರ್ ಎಂದುಬಿಟ್ಟೆ. ಪೇಪರಿನಲ್ಲಿ ಹಾಗೇ ಬರೆಯುತ್ತಾರೆ ಅಲ್ವಾ? ಅವರು ಮುಖಮುಖ ನೋಡಿಕೊಂಡರು. ಆ ಯಂತ್ರ ಅಳೆಯುವುದು ಉಸಿರಾಟ, ರಕ್ತದೊತ್ತಡ, ನಾಡಿ, ಬೆವರಿದಾಗ ಚರ್ಮದಲ್ಲಾಗುವ ಬದಲಾವಣೆ, ಅಷ್ಟೇ. ಏನೂ ಮಾಡದವನೂ ಪೊಲೀಸರ ಜೊತೆ ಬಂದು ಕೂತರೆ ಬೆವರುತ್ತಾನೆ.

ಎರಡನೇ ಸಂದರ್ಶನಕ್ಕೆ ಎಂ.ಎಸ್ಸಿ. ನೋಟ್ಸ್ ಮುಟ್ಟಲೇ ಇಲ್ಲ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಕೊಟ್ಟ ತೀರ್ಪು ಹಿಡಿದು ಕೂತೆ. ಬಲವಂತವಾಗಿ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್ (ಮಿದುಳಿನ ತರಂಗ ಅಳೆಯುವ ಪರೀಕ್ಷೆ) ಮಾಡುವಂತಿಲ್ಲ. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಬೇಕು, ವಕೀಲರ ನೆರವು ಸಿಗಬೇಕು. ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಲ್ಲ, ಆ ಮಾಹಿತಿಯಿಂದ ಆಮೇಲೆ ಏನಾದರೂ ಸಿಕ್ಕರೆ ಅದನ್ನು ಪರಿಗಣಿಸಬಹುದು. ಮಾನಸಿಕ ಅಸ್ವಸ್ಥತೆಯಿಂದ ತಿಳಿವಳಿಕೆಯಿಲ್ಲದೆ ಮಾಡಿದ ಕೃತ್ಯ ಅಪರಾಧವಲ್ಲ ಎನ್ನುವ ಹಳೆಯ ಐಪಿಸಿ 84 ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಆಗಿದೆ ಎಂಬಂಥದ್ದನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಿದೆ. ಆದರೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ಸೆಕ್ಷನ್ ರಕ್ಷಣೆ ಸಿಗುವುದಿಲ್ಲ, ಕೃತ್ಯ ಮಾಡುವ ಹೊತ್ತಿಗೆ ತಾನು ಮಾಡುತ್ತಿರುವುದು ಏನು, ಅದು ತಪ್ಪು ಎಂಬುದು ಆರೋಪಿಗೆ ತಿಳಿಯುವಂತಿತ್ತೇ ಎಂದು ಕೋರ್ಟ್ ನೋಡುತ್ತದೆ. ಇದನ್ನು ವಕೀಲೆಯಾದ ಅಕ್ಕ ನಾಲ್ಕು ಸಲ ಹೇಳಿದ ಮೇಲೆ ತಲೆಗೆ ಹೋಯಿತು.

ಜಾಸ್ತಿ ಹೊತ್ತು ಹೋಗಿದ್ದು ಪ್ರಶ್ನೆ ಕಟ್ಟುವುದರಲ್ಲಿ. ಪಾಲಿಗ್ರಾಫ್ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಬರಬೇಕು, ಕೂತವನಿಗೆ ಅವನ ಮಾತಿನಲ್ಲೇ ಅರ್ಥವಾಗಬೇಕು. ಅಕ್ಕನ ಮಗನನ್ನು ಕೂರಿಸಿಕೊಂಡು, 'ಡಬ್ಬಿಯಲ್ಲಿದ್ದ ಕೋಡುಬಳೆ ತಿಂದು ಖಾಲಿ ಮಾಡಿದ್ದು ನೀನಾ?' ಎಂದೆ. 'ಇಲ್ಲ ಮಾಮ, ನಾನು ನಾಲ್ಕೇ ತಿಂದಿದ್ದು' ಎಂದ! ತಿನ್ನುವುದು, ಖಾಲಿ ಮಾಡುವುದು, ಎರಡನ್ನೂ ಒಂದೇ ಪ್ರಶ್ನೆಗೆ ತುರುಕಿದ್ದೆ. ಕಳ್ಳತನದ ಕೇಸಿನಲ್ಲಿ 'ಸರ ಕದ್ದು ಮಾರಿದೆಯಾ' ಎಂದು ಕೇಳುವುದೂ ಇದೇ ತಪ್ಪು, ಕದ್ದವನು ಮಾರದೇ ಇಟ್ಟುಕೊಂಡಿರಬಹುದು.

ಸಂದರ್ಶನದಲ್ಲಿ ಸರಗಳ್ಳತನದ ಕೇಸನ್ನೇ ಕೊಟ್ಟು ಕನ್ನಡದಲ್ಲಿ ಪ್ರಶ್ನೆ ಬರೆಯಿರಿ ಎಂದರು. ಒಳಗೊಳಗೇ ಅಳಿಯನಿಗೆ ಕೈ ಮುಗಿದೆ. ಆಮೇಲೆ ಹಿರಿಯರೊಬ್ಬರು ಕೇಳಿದರು: 'ಆರೋಪಿ ಕೋರ್ಟಿನಲ್ಲಿ ಟೆಸ್ಟಿಗೆ ಒಪ್ಪಿದ್ದಾನೆ. ಲ್ಯಾಬಿಗೆ ಬಂದು ಬೇಡ ಅಂತಾನೆ. ತನಿಖಾಧಿಕಾರಿ ಬಾಗಿಲಲ್ಲೇ ನಿಂತಿದ್ದಾರೆ. ಏನು ಮಾಡ್ತೀರಿ?'

'ಟೆಸ್ಟ್ ಮಾಡಲ್ಲ ಸಾರ್. ಬೇಡ ಅಂದ ಅಂತ ಬರೆದು ವಾಪಸ್ ಕಳಿಸ್ತೀನಿ.'

'ಅಧಿಕಾರಿ ಬೈತಾರಲ್ಲ?'

'ಬೈಸ್ಕೋತೀನಿ ಸಾರ್.'

ಮೂವರೂ ನಕ್ಕರು. ಮೂರು ವಾರ ಬಿಟ್ಟು ಆರ್ಡರ್ ಬಂತು.