ಐದು ಇಲಾಖೆ, ಒಂದು ಗುಳೆ ರಿಜಿಸ್ಟರ್

ಕೂಲಿಗೆ ಗುಳೆ ಹೋಗುವ ಮನೆಗಳ ಮಕ್ಕಳ ಲೆಕ್ಕವನ್ನು ಐದು ಇಲಾಖೆಯವರು ಒಂದೇ ರಿಜಿಸ್ಟರಿನಲ್ಲಿ ಬರೆಯೋದು ಆಗೋ ಮಾತಲ್ಲ ಅಂದವರೇ ಜಾಸ್ತಿ. ಒಂದು ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಎಲ್ಲರ ಮುಂದೆ ನಕ್ಕಿದ್ದರು. "ಅಂಗನವಾಡಿಯವರು, ಆಶಾ, ಮಾಸ್ತರು, ಪಿಡಿಒ, ಪೊಲೀಸರು ಎಲ್ಲಾ ಒಂದೇ ಪುಸ್ತಕದಾಗ ಬರೀತಾರೇನ್ರಿ? ಕನಸ ಬಿಡ್ರಿ ಮೇಡಂ" ಅಂದಿದ್ದರು. ಆ ಪುಸ್ತಕಕ್ಕೆ ಈಗ ನಾಲ್ಕನೇ ವರ್ಷ. ಹೋದ ಸಲ ಅವರ ಕಚೇರಿಯಿಂದಲೇ ಫೋನ್ ಬಂತು, ಅದರ ನಾಲ್ಕು ಪುಟದ ಫೋಟೋ ಕಳಿಸಿ ಅಂತ. ಕಳಿಸಿದೆ. ಆರು ಪುಟ ಕಳಿಸಿದೆ.

ನಾನು ಕೆಲಸ ಮಾಡೋದು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ಒಂದು ಪಂಚಾಯಿತಿಯಲ್ಲಿ, ಒಂದು ಸಂಸ್ಥೆಯ ಪರವಾಗಿ. ಎರಡು ಊರು, ಐದಾರು ಲಂಬಾಣಿ ತಾಂಡಾ. ದಸರೆ ಮುಗಿಯಿತು ಅಂದರೆ ಗುಳೆ ಶುರು. ಕೆಲವರು ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆ, ಮುಂಬೈಗೆ. ಕೆಲವರು ಬೆಂಗಳೂರಿಗೆ, ಹೈದರಾಬಾದಿಗೆ. ಯುಗಾದಿಗೆ ಒಮ್ಮೆ ಬಂದು ಹೋಗುತ್ತಾರೆ, ಇಲ್ಲವೇ ಮುಂಗಾರಿಗೇ ವಾಪಸ್. ಮಕ್ಕಳು ಜೊತೆಗೆ ಹೋದರೆ ಶಾಲೆ ಹೋಯಿತು. ಅಜ್ಜಿ ಹತ್ತಿರ ಬಿಟ್ಟರೆ ಊಟ, ಔಷಧಿ, ಹೆಣ್ಣು ಹುಡುಗಿಯ ಕಾವಲು, ಎಲ್ಲದಕ್ಕೂ ತೊಂದರೆ. ಈ ಭಾಗದಲ್ಲಿ ಓಡಾಡುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ನಮ್ಮ ತಲೆನೋವು ಬೇರೆ ಇತ್ತು. ಅಂಗನವಾಡಿಗೆ ಪೋಷಣ್ ಟ್ರ್ಯಾಕರ್ ಆಪ್. ಶಾಲೆಗೆ ಮಕ್ಕಳ ದಾಖಲೆಯ ಸ್ಯಾಟ್ಸ್. ಆಶಾ ಅಕ್ಕನ ಹತ್ತಿರ ತಾಯಿ ಕಾರ್ಡು, ಲಸಿಕೆ ಪಟ್ಟಿ. ಪಂಚಾಯಿತಿಗೆ ನರೇಗಾ ಜಾಬ್ ಕಾರ್ಡು. ಒಂದೇ ಮನೆ, ನಾಲ್ಕು ಪಟ್ಟಿ, ಮಗುವಿನ ಹೆಸರು ನಾಲ್ಕು ತರಹ. ಒಬ್ಬರ ಪಟ್ಟಿ ಇನ್ನೊಬ್ಬರು ನೋಡಿದವರಲ್ಲ. ಆರನೇ ತರಗತಿ ಹುಡುಗಿ ಶಾಲೆಗೆ ಬರುತ್ತಿಲ್ಲ ಅಂತ ಮಾಸ್ತರಿಗೆ ಗೊತ್ತು. ಅವಳ ತಮ್ಮ ತೂಕ ಕಳೆದುಕೊಂಡಿದ್ದಾನೆ ಅಂತ ಅಂಗನವಾಡಿಗೆ ಗೊತ್ತು. ಅವರವ್ವ ಆರು ತಿಂಗಳ ಬಸುರಿ ಅಂತ ಆಶಾಗೆ ಗೊತ್ತು. ಮೂರೂ ಸೇರಿಸಿದರೆ ಹುಡುಗಿ ಯಾಕೆ ಬರುತ್ತಿಲ್ಲ ಅಂತ ಯಾರಿಗಾದರೂ ತಿಳಿಯುತ್ತದೆ. ಸೇರಿಸುವವರು ಇರಲಿಲ್ಲ, ಅಷ್ಟೇ.

ಮೊದಲು ಎಲ್ಲರ ಹಾಗೆ ಸಭೆ ಮಾಡಿದೆವು. ತಾಲೂಕಿನಲ್ಲಿ, ಬ್ಯಾನರ್ ಕಟ್ಟಿ, ಊಟ ಹಾಕಿಸಿ. ಸುಮಾರು 14 ಸಾವಿರ ಖರ್ಚು. ಬಂದವರಲ್ಲಿ ಅರ್ಧ ಜನ ಸಹಿ ಮಾಡಿ ಊಟಕ್ಕೆ ಮುಂಚೆಯೇ ಹೋದರು. ನಿರ್ಣಯ ಏಳೋ ಎಂಟೋ ಬರೆದೆವು. ಎಲ್ಲದರಲ್ಲೂ "ಸಂಬಂಧಪಟ್ಟ ಇಲಾಖೆಯವರು ಕ್ರಮ ವಹಿಸುವುದು". ಆ ಸಂಬಂಧಪಟ್ಟವರು ಇವತ್ತಿಗೂ ನನಗೆ ಸಿಕ್ಕಿಲ್ಲ.

ಆಮೇಲೆ ವಾಟ್ಸಾಪ್ ಗ್ರೂಪ್. ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರಕ್ಕೆ ಶುಭೋದಯ, ಹೂವು, ಶರಣರ ವಚನ. ಒಂದು ಮಗುವಿನ ಫೋಟೋ ಹೆಸರು ಸಮೇತ ಅದರಲ್ಲಿ ಬಿತ್ತು ನೋಡಿ, ಅವತ್ತೇ ಗ್ರೂಪ್ ಮುಚ್ಚಿದೆ.

ಮೂರನೆಯದು ಮೊಬೈಲ್ ಆಪ್. ನಮಗೆ ದುಡ್ಡು ಕೊಡುವವರ ಆಸೆ ಅದು. ಲಕ್ಷದ ಮೇಲೆ ಸುರಿದರು. ತಾಂಡಾದಲ್ಲಿ ನೆಟ್‌ವರ್ಕ್ ಬರುವುದು ನೀರಿನ ಟ್ಯಾಂಕ್ ಹತ್ತಿದರೆ ಮಾತ್ರ. ಅಂಗನವಾಡಿ ಕಾರ್ಯಕರ್ತೆ ಒಬ್ಬರು ಮುಖದ ಮೇಲೇ ಹೇಳಿದರು: "ಯಕ್ಕಾ, ಈಗಿರೋ ಆಪೇ ಸಾಕಾಗ್ಯದ. ಇನ್ನೊಂದು ತಂದ್ರ ನಾ ಮನಿಗೆ ಹೋಗ್ತೀನಿ." ಸರಿಯಾಗಿಯೇ ಹೇಳಿದರು.

ಕಡೆಗೆ ನಡೆದಿದ್ದು 180 ರೂಪಾಯಿಯ ಉದ್ದ ರಿಜಿಸ್ಟರ್. ಅದನ್ನು ಇಟ್ಟಿದ್ದು ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗಿನ ಅರಿವು ಕೇಂದ್ರದಲ್ಲಿ. ಯಾಕೆ ಅಲ್ಲಿ ಅಂದರೆ, ಶಾಲೆಯಲ್ಲಿಟ್ಟರೆ ಅದು ಮಾಸ್ತರ ಪುಸ್ತಕ, ಅಂಗನವಾಡಿಯಲ್ಲಿಟ್ಟರೆ ಟೀಚರ್ ಪುಸ್ತಕ. ಗ್ರಂಥಾಲಯ ಯಾರದೂ ಅಲ್ಲ, ಕಪಾಟಿಗೆ ಬೀಗ ಇದೆ, ಮೇಲ್ವಿಚಾರಕ ಊರವನೇ. ದಿನ ಯಾವುದು? ಗುರುವಾರ. ಲಸಿಕೆಗೆ ಹೇಗೂ ಆಶಾ, ನರ್ಸಮ್ಮ, ಅಂಗನವಾಡಿಯವರು ಸೇರಿರುತ್ತಾರೆ. ಹೊಸ ಸಭೆ ಕರೆಯುವ ಗೋಜೇ ಇಲ್ಲ. ತಿಂಗಳಿಗೆ ಒಂದು ಗುರುವಾರ, ಲಸಿಕೆ ಮುಗಿದ ಮೇಲೆ ಅರ್ಧ ಗಂಟೆ. ಮಾಸ್ತರು ಬಿಸಿಯೂಟ ಮುಗಿಸಿ ಬರುತ್ತಾರೆ, ಪಿಡಿಒ ಇಲ್ಲದಿದ್ದರೆ ಬಿಲ್ ಕಲೆಕ್ಟರ್. ಬೀಟ್ ಪೊಲೀಸರು ಬಂದರೆ ಬಂದರು. ಕುರ್ಚಿ ಹಾಕಲ್ಲ. ನಿಂತುಕೊಂಡೇ ಮಾತು. ಕುಳಿತರೆ ಭಾಷಣ ಶುರುವಾಗುತ್ತದೆ.

ಕಾಲಂ ಬಗ್ಗೆ ಸ್ವಲ್ಪ ಹೇಳುತ್ತೇನೆ, ಜೀವ ಇರುವುದೇ ಅಲ್ಲಿ. ಮೊದಲ ಕಾಲಂ ತಾಯಿಯ ಹೆಸರು, ತಾಯಿ ಕಾರ್ಡಿನಲ್ಲಿ ಇರುವ ಹಾಗೇ. ಅಪ್ಪನ ಹೆಸರಿನಿಂದ ಶುರು ಮಾಡಿದರೆ ಒಂದೇ ತಾಂಡಾದಲ್ಲಿ ಒಂದೇ ಹೆಸರಿನ ಆರು ಜನ ಸಿಗುತ್ತಾರೆ. ಆಮೇಲೆ ಮಕ್ಕಳು, ಯಾವ ಊರಿಗೆ ಗುಳೆ, ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ, ಯಾರ ಕೈಯಲ್ಲಿ. ಆಮೇಲೆ ಏನು ಬಾಕಿ, ಯಾರು ಮಾಡುತ್ತಾರೆ, ಯಾವ ಗುರುವಾರದೊಳಗೆ. "ಯಾರು" ಅನ್ನುವಲ್ಲಿ ಒಬ್ಬರ ಹೆಸರೇ ಇರಬೇಕು. ಇಲಾಖೆ ಹೆಸರು ಬರೆದರೆ ನಾನು ಬಿಳಿ ಬಣ್ಣ ಹಚ್ಚಿ ಅಳಿಸುತ್ತೇನೆ.

ಕೊನೆಯ ಕಾಲಂ ಸಹಿ. ಕೆಲಸ ಮಾಡಿದವರು ಸಹಿ ಮಾಡುವಂತಿಲ್ಲ, ಬೇರೆಯವರು ಮಾಡಬೇಕು. ಮಾಸ್ತರ ಕೆಲಸ ಆಗಿದೆ ಅಂತ ಆಶಾ, ಆಶಾ ಕೆಲಸಕ್ಕೆ ಅಂಗನವಾಡಿಯವರು. ಇದಕ್ಕೆ ದೊಡ್ಡ ಜಗಳವೇ ಆಯಿತು. "ನಮ್ಮ ಸಾಲಿ ಲೆಕ್ಕಕ್ಕ ಆಶಾ ಸಹಿ ಯಾಕ್ರಿ?" ಅಂತ ಮುಖ್ಯ ಗುರುಗಳು ಎದ್ದು ಹೋದರು. ಮುಂದಿನ ಸಲ ಮೊದಲ ಐದು ಸಾಲಿನಲ್ಲಿ ನನ್ನ ಕೆಲಸವನ್ನೇ ಬರೆದು, ಎಲ್ಲರೆದುರು ಆಶಾ ಹತ್ತಿರ ಸಹಿ ಕೇಳಿದೆ. ಎರಡು ಕೆಲಸ ಆಗಿಲ್ಲ ಅಂತ ಆಕೆ ಸಹಿ ಹಾಕಲಿಲ್ಲ. ಗುರುಗಳು ಜೋರಾಗಿ ನಕ್ಕರು. ಅವತ್ತಿನಿಂದ ಅವರೂ ಒಪ್ಪಿಕೊಂಡರು.

ಈಗ ಒಂದೊಂದು ಕೆಲಸ ಹೇಗೆ ಸಾಗುತ್ತದೆ ನೋಡಿ.

ಹೋಗುವ ಮಕ್ಕಳಿಗೆ ಒಂದು ಗುಳೆ ಚೀಟಿ. ದಪ್ಪ ಹಾಳೆ, ಯಾದಗಿರಿಯಲ್ಲಿ ಅಚ್ಚು ಹಾಕಿಸಿದರೆ ಒಂದಕ್ಕೆ 6 ರೂಪಾಯಿ ಬೀಳುತ್ತದೆ. ಸ್ಯಾಟ್ಸ್ ಸಂಖ್ಯೆ, ಯಾವ ತರಗತಿ, ಯಾವ ಲಸಿಕೆ ಆಗಿದೆ, ಮಾಸ್ತರ ಫೋನ್ ನಂಬರು. ಕೆಳಗೆ ಕನ್ನಡ, ಹಿಂದಿ ಎರಡರಲ್ಲೂ ಒಂದು ಸಾಲು: 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಕಳಿಸುವಂತಿಲ್ಲ. ಪುಣೆಯಲ್ಲಿ ಒಂದೆರಡು ಕಡೆ ಈ ಸಾಲು ಕೆಲಸ ಮಾಡಿದೆ. ಬೆಂಗಳೂರಿನಲ್ಲಿ ಒಂದು ಶಾಲೆಯವರು ಚೀಟಿ ನೋಡಿ ಮಡಚಿ ವಾಪಸ್ ಕೊಟ್ಟರು. ಆಗ ನಮ್ಮ ಮಾಸ್ತರು ಫೋನ್ ಮಾಡಿದರು, ಆಯಿತು. ಚೀಟಿಗಿಂತ ಫೋನೇ ಜಾಸ್ತಿ ಕೆಲಸ ಮಾಡುತ್ತದೆ.

ಉಳಿಯುವ ಮಕ್ಕಳದು ಊಟದ ಮಾತು. ಬೇರೆ ರಾಜ್ಯದಲ್ಲೂ ರೇಷನ್ ಎತ್ತಬಹುದು ಅಂತ ಆದ ಮೇಲೆ ಹೊಸ ಪಜೀತಿ ಬಂತು. ಮಗ ಮುಂಬೈಯಲ್ಲಿ ಪೂರ್ತಿ ಎತ್ತಿದರೆ ಇಲ್ಲಿ ಅಜ್ಜಿಗೆ ಅಕ್ಕಿ ಇಲ್ಲ. ಅಲ್ಲಿ ಸ್ವಲ್ಪ, ಇಲ್ಲಿ ಸ್ವಲ್ಪ ಎತ್ತಬಹುದು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಹೋಗುವ ಮುಂಚೆ ಮನೆಯವರನ್ನು ಕೂರಿಸಿ ಪಾಲು ಮಾಡಿಸುತ್ತೇವೆ. ಅಜ್ಜಿಯ ಹೆಬ್ಬೆರಳು ಯಂತ್ರಕ್ಕೆ ಹತ್ತುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಕೂಲಿ ಮಾಡಿ ಸವೆದ ಬೆರಳು, ಹತ್ತಲ್ಲ. ಇದನ್ನು ಸೆಪ್ಟೆಂಬರಿನಲ್ಲೇ ಮುಗಿಸಿದರೆ ಸರಿ.

ತೀರಾ ಸೊರಗಿದ ಮಕ್ಕಳನ್ನು ಗುಳೆಗೆ ಮುಂಚೆಯೇ ಹಿಡಿಯಬೇಕು. ತೋಳಿನ ಸುತ್ತಳತೆ ನೋಡುವ ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರ, 14 ದಿನ. ತಾಯಂದಿರು ಒಪ್ಪಲ್ಲ. ಮನೆಯಲ್ಲಿ ಇನ್ನೆರಡು ಮಕ್ಕಳು, ನಾಲ್ಕು ಆಡು, ಯಾರು ನೋಡಬೇಕು? ಅಲ್ಲಿ ಇದ್ದಷ್ಟು ದಿನದ ಕೂಲಿ ದುಡ್ಡು ಸಿಗುತ್ತದೆ ನಿಜ, ಆದರೆ ಕೈಗೆ ಬರುವುದು ಆಮೇಲೆ. ಮಹಿಳಾ ಸಂಘದಿಂದ ಮೊದಲೇ 2 ಸಾವಿರ ಕೊಡಿಸಿದೆವು, ಕೂಲಿ ಬಂದ ಮೇಲೆ ವಾಪಸ್ ಕಟ್ಟುವ ಮಾತಿನ ಮೇಲೆ. ಹತ್ತರಲ್ಲಿ ಎಂಟು ಜನ ಕಟ್ಟಿದರು. ಉಳಿದದ್ದು ನಮ್ಮ ಸಂಸ್ಥೆ ಹೊತ್ತುಕೊಂಡಿತು. ಆಡು ನೋಡಿಕೊಳ್ಳಲು ಪಕ್ಕದ ಮನೆಯವರ ಹೆಸರೂ ರಿಜಿಸ್ಟರಿನಲ್ಲಿ ಇದೆ. ನಗಬೇಡಿ, ಆ ಸಾಲು ಇಲ್ಲದಿದ್ದರೆ ಮಗು ಯಾದಗಿರಿಗೆ ಹೋಗುತ್ತಿರಲಿಲ್ಲ.

ಹೆಣ್ಣು ಹುಡುಗಿಯರದು ಬೇರೆ ಚಿಂತೆ. ಅಜ್ಜಿ ಹತ್ತಿರ ಬಿಟ್ಟು ಹೋದ ಹದಿನಾಲ್ಕರ ಹುಡುಗಿಗೆ ಯುಗಾದಿಗೆ ಬಂದಾಗ ಮದುವೆ ಗೊತ್ತು ಮಾಡುತ್ತಾರೆ. ಬಸವ ಜಯಂತಿ ದಿನ ಅಕ್ಷಯ ತೃತೀಯವೂ ಹೌದು, ಸಾಮೂಹಿಕ ಮದುವೆ ಅವತ್ತೇ ಜಾಸ್ತಿ. ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಕಾನೂನಿನಲ್ಲಿ ಮದುವೆಯೇ ಅಲ್ಲ. ಪಿಡಿಒ ಕೂಡ ಬಾಲ್ಯವಿವಾಹ ನಿಷೇಧಾಧಿಕಾರಿ. ಇದನ್ನು ತಾಂಡಾದ ಮುಖಂಡರಾದ ನಾಯಕ, ಕಾರಭಾರಿ ಇಬ್ಬರಿಗೂ ಪಿಡಿಒ ಬಾಯಿಂದಲೇ, ಪೊಲೀಸರು ಪಕ್ಕದಲ್ಲಿ ನಿಂತಿರುವಾಗ ಹೇಳಿಸುತ್ತೇವೆ. ಆದರೆ ಹೆದರಿಕೆಯಿಂದ ಅರ್ಧ ಕೆಲಸ. ಇನ್ನರ್ಧ ಕಸ್ತೂರಬಾ ಬಾಲಿಕಾ ವಿದ್ಯಾಲಯದ, ಅಂದರೆ ಹುಡುಗಿಯರ ವಸತಿ ಶಾಲೆಯ ಸೀಟು. ಸೀಟು ಕೈಯಲ್ಲಿ ಹಿಡಿದುಕೊಂಡು ಹೋದರೆ ಅಪ್ಪ ಅವ್ವ ಮಾತಿಗೆ ಕೂರುತ್ತಾರೆ.

ತಂದೆ ಇಲ್ಲದ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ, ತಿಂಗಳಿಗೆ 4 ಸಾವಿರ. ಹಳ್ಳಿಯಲ್ಲಿ ವರ್ಷದ ಆದಾಯ 72 ಸಾವಿರ ದಾಟಿರಬಾರದು. ಅರ್ಜಿ ಬಿದ್ದುಹೋಗುವುದು ಕಾಗದದಲ್ಲಿ. ಮರಣ ಪ್ರಮಾಣ ಪತ್ರದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಪಂಚಾಯಿತಿ, ಶಾಲೆ ಎರಡೂ ಒಂದೇ ಕಪಾಟಿನ ಮುಂದೆ ನಿಂತಿರುವುದರಿಂದ ಈಗ ಅಲ್ಲೇ ಸರಿಯಾಗುತ್ತದೆ. ಮೊದಲು ಇದಕ್ಕೇ ಎರಡು ಮೂರು ತಿಂಗಳು ತಿರುಗುತ್ತಿದ್ದೆವು.

ಒಂದು ಎಚ್ಚರಿಕೆ. ಪೋಕ್ಸೋ ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣ, ಹೊಡೆತ ಬಡಿತ, ಮಗು ಕಾಣೆಯಾದದ್ದು, ಇವು ರಿಜಿಸ್ಟರಿಗೆ ಬರುವಂತಿಲ್ಲ. ಪೆನ್ಸಿಲಿನಲ್ಲೂ ಬರೆಯಬೇಡಿ. ನೇರ ಮಕ್ಕಳ ಸಹಾಯವಾಣಿ 1098, ಪೊಲೀಸು, ಮಕ್ಕಳ ಕಲ್ಯಾಣ ಸಮಿತಿ. ಮಗುವಿನ ಗುರುತು ಹೊರಗೆ ಹೋದರೆ ಬಾಲನ್ಯಾಯ ಕಾಯ್ದೆಯಲ್ಲಿ ಶಿಕ್ಷೆ ಇದೆ, ಅದು ನಮಗೂ ಆಗುತ್ತದೆ.

ನಡುವೆ ಬೇರೆ ಬೇರೆ ಆಟಗಳನ್ನೂ ಆಡಿದೆ. ಗುಳೆ ಹೋದ ಮನೆಗಳ ಪಟ್ಟಿಯನ್ನು ಗೋಡೆ ಮೇಲೆ ಬರೆಸಿದೆ. ಬೀಗ ಹಾಕಿದ ಮನೆ ಯಾವುದು ಅಂತ ಕಳ್ಳರಿಗೆ ಹೇಳಿಕೊಡ್ತೀಯಾ ಅಂತ ಬೈದರು, ಮರುದಿನವೇ ಸುಣ್ಣ ಹೊಡೆಸಿದೆ. ಶನಿವಾರ ಗ್ರಂಥಾಲಯದಲ್ಲಿ ವಿಡಿಯೋ ಕಾಲ್ ಶುರು ಮಾಡಿದ್ದು ಮಾತ್ರ ಗೆದ್ದಿತು. ಮಕ್ಕಳು ಅವ್ವನ ಮುಖ ನೋಡುತ್ತಾರೆ, ಅವ್ವ ನೋಟ್‌ಬುಕ್ ತೋರಿಸು ಅನ್ನುತ್ತಾಳೆ. ಶನಿವಾರದ ಹಾಜರಿ ಏರಿತು ಅಂತ ಮಾಸ್ತರೇ ಹೇಳಿದರು. ನರೇಗಾ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಗೆ ಉಳಿದ ಪುಟ್ಟ ಮಕ್ಕಳನ್ನು ಸೇರಿಸಲು ನೋಡಿದೆ. ಅದು ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ, ಅಷ್ಟು ಸಣ್ಣವನ್ನು ಯಾರೂ ಬಿಟ್ಟು ಹೋಗಲ್ಲ. ಸುಮ್ನೆ ಓಡಾಡಿದ್ದೇ ಬಂತು.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಚೀಟಿ, ಜೆರಾಕ್ಸ್, ಚಹಾ, ಮೇಲ್ವಿಚಾರಕನಿಗೆ ತಿಂಗಳಿಗೆ 500, ಎಲ್ಲಾ ಸೇರಿ ವರ್ಷಕ್ಕೆ 20 ಸಾವಿರದ ಆಸುಪಾಸು. ಸ್ವಲ್ಪ ಪಂಚಾಯಿತಿಯಿಂದ, ಸ್ವಲ್ಪ ಗ್ರಾಮ ಆರೋಗ್ಯ ಸಮಿತಿಯ ಮುಕ್ತ ನಿಧಿಯಿಂದ, ಉಳಿದದ್ದು ನಮ್ಮದು. ಆಪಿಗೆ ಸುರಿದ ದುಡ್ಡಿನಲ್ಲಿ ಈ ಪುಸ್ತಕ ಐದಾರು ವರ್ಷ ನಡೆಯುತ್ತಿತ್ತು. ಫಲ? ಮೊದಲು ಶಾಲೆಗೆ ಹೋಗುವ ವಯಸ್ಸಿನ ನೂರು ನೂರಿಪ್ಪತ್ತು ಮಕ್ಕಳು ಗುಳೆ ಹೋಗುತ್ತಿದ್ದರು. ಹೋದ ವರ್ಷ ನಲವತ್ತರ ಹತ್ತಿರ, ಅದರಲ್ಲಿ ಅರ್ಧದಷ್ಟು ಹೋದ ಊರಿನಲ್ಲೇ ಶಾಲೆಗೆ ಸೇರಿದರು.

ಎಲ್ಲರೂ ಕೇಳುವ ಪ್ರಶ್ನೆ: ಯಾವ ಮನೆ ಯಾವಾಗ ಹೊರಡುತ್ತದೆ ಅಂತ ನಿಮಗೆ ತಿಂಗಳು ಮುಂಚೆ ಹೇಗೆ ಗೊತ್ತಾಗುತ್ತದೆ? ಕೂಲಿಗೆ ಕರೆದೊಯ್ಯುವ ಮೇಸ್ತ್ರಿಗಳು ಮುಂಗಡ ಕೊಡುವಾಗ ಒಂದು ಪಟ್ಟಿ ಬರೆಯುತ್ತಾರಲ್ವಾ, ಅದು ನನಗೆ ಸಿಗುತ್ತದೆ. ಹೇಗೆ ಸಿಗುತ್ತದೆ ಅನ್ನುವುದನ್ನು ಬರೆಯಲ್ಲ. ಬರೆದರೆ ಮುಂದಿನ ವರ್ಷ ಸಿಗಲ್ಲ.

ಈಗ ಶಹಾಪುರ ಕಡೆಯ ಒಂದು ಪಂಚಾಯಿತಿಯವರು ಕರೆದಿದ್ದಾರೆ. ಅವರಲ್ಲಿ ಗುಳೆಗಿಂತ ಹತ್ತಿ ಬಿಡಿಸುವ ಕೆಲಸಕ್ಕೆ ಮಕ್ಕಳು ಹೋಗುವುದು ಜಾಸ್ತಿ, ನಮ್ಮ ಕಾಲಂ ಅಲ್ಲಿ ನಡೆಯಲ್ಲ. ಗೆರೆ ನೀವೇ ಹಾಕಿಕೊಳ್ಳಿ, ನಾನು ಒಂದೆರಡು ಗುರುವಾರ ಬಂದು ನಿಲ್ಲುತ್ತೇನೆ ಅಂದಿದ್ದೇನೆ. ಬಸ್ಸು ಹೇಗೂ ನಮಗೆ ಫ್ರೀ, ಊಟ ಮಾತ್ರ ಅವರದು.