ಏರುಮಡಿಗೆ ಚಪ್ಪರ: ಗಾಳಿ ನೋಡಿ ಕಟ್ಟಿದ್ದು

ನಮ್ಮ ಮನೆ ಹಿಂದೆ ಎರಡು ಏರುಮಡಿಗಳಿವೆ, ಅಂದರೆ ನೆಲಕ್ಕಿಂತ ಎತ್ತರಿಸಿ ಮಣ್ಣು ತುಂಬಿದ ತರಕಾರಿ ಮಡಿಗಳು. ಸಾಲಿಡ್ ಬ್ಲಾಕ್ ಜೋಡಿಸಿ ಮಾಡಿದವು. ಒಂದೊಂದೂ ಹೊರ ಅಳತೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲ, ನೆಲದಿಂದ 1 ಅಡಿ ಎತ್ತರ. ಉದ್ದ ಪೂರ್ವ ಪಶ್ಚಿಮಕ್ಕಿದೆ. ಎರಡರ ನಡುವೆ 3 ಅಡಿ ದಾರಿ. ಉತ್ತರದ ಮಡಿ ದಾಟಿ ಇನ್ನೊಂದು 3 ಅಡಿ ದಾರಿ, ಆಮೇಲೆ ಕಾಂಪೌಂಡ್ ಗೋಡೆ. ಹೀರೆ, ಪಡವಲ, ಅಲಸಂದೆ, ಚಪ್ಪರದವರೆ ಎಲ್ಲ ಇಷ್ಟರಲ್ಲೇ ಬೆಳೆಯಬೇಕು. ನೆಲದ ಮೇಲೆ ಹರಡಲು ಬಿಟ್ಟರೆ ಒಂದೇ ಹೀರೆ ಬಳ್ಳಿ ಇಡೀ ಮಡಿ ನುಂಗುತ್ತದೆ. ಹಾಗಾಗಿ ಮೇಲಕ್ಕೆ ಹತ್ತಿಸಲೇಬೇಕು.

ಚಪ್ಪರ ಅಂದ ಕೂಡಲೇ ಎಲ್ಲರೂ ಕಾಯಿಯ ಭಾರದ ಬಗ್ಗೆ ಕೇಳುತ್ತಾರೆ. ನಾನು ಮೊದಲು ಯೋಚಿಸಿದ್ದು ಗಾಳಿಯ ಬಗ್ಗೆ. ಲೆಕ್ಕ ಹಾಕಿ ನೋಡಿ. ಒಂದು ಬಳ್ಳಿಯಲ್ಲಿ ಒಮ್ಮೆಗೆ ತೂಗುವ ಹೀರೇಕಾಯಿ ಎಲ್ಲ ಸೇರಿದರೂ ಕೆಲವೇ ಕಿಲೋ. ಅದೂ ನೇರ ಕೆಳಕ್ಕೆ ಎಳೆಯುವ ಭಾರ. ನೆಟ್ಟಗೆ ನಿಂತ ಕಂಬಕ್ಕೆ ಅದು ದೊಡ್ಡದಲ್ಲ. ಆದರೆ 8 ಅಡಿ ಉದ್ದ, 6 ಅಡಿ ಎತ್ತರದ ಬಲೆ ತುಂಬ ಎಲೆ ಹಬ್ಬಿದರೆ 48 ಚದರ ಅಡಿಯ ಹಸಿರು ಗೋಡೆ ಆಯಿತು. ತಂತಿ ಮೇಲೆ ಹರವಿದ ಒದ್ದೆ ಬೆಡ್‌ಶೀಟ್ ಗಾಳಿಗೆ ಹೇಗೆ ಉಬ್ಬುತ್ತದೋ, ಇದೂ ಹಾಗೇ ಉಬ್ಬುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಬೆಂಗಳೂರಿನ ಆಷಾಢದ ಗಾಳಿ ಗೊತ್ತಲ್ವಾ? ಜೂನ್ ಜುಲೈನಲ್ಲಿ ಹಗಲೆಲ್ಲ ಬೀಸುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಹಾಕಿದ ಬಳ್ಳಿ ಸೊಂಪಾಗಿ ಹಬ್ಬಿರುವುದೂ ಆಗಲೇ.

ಏರುಮಡಿಯಲ್ಲಿ ಇನ್ನೊಂದು ತೊಂದರೆ ಇದೆ. ಮಡಿಯ ಮಣ್ಣು ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಬೆರೆತು ಸಡಿಲವಾಗಿರುತ್ತದೆ. ಬೇರಿಗೆ ಅದು ಒಳ್ಳೆಯದು, ಕಂಬಕ್ಕೆ ಅಲ್ಲ. ಅಷ್ಟು ಮೆತ್ತಗಿನ 1 ಅಡಿ ಮಣ್ಣು ಯಾವ ಕಂಬವನ್ನೂ ಹಿಡಿದು ನಿಲ್ಲಿಸುವುದಿಲ್ಲ. ನಡುವೆ ಬೊಂಬು ಚುಚ್ಚಿ ಬಲೆ ಕಟ್ಟಿದರೆ ಮೊದಲ ದೊಡ್ಡ ಗಾಳಿಗೆ ಬುಡ ಅಲುಗಾಡಿ, ಸುತ್ತಲಿನ ಬೇರೂ ಕಿತ್ತು ಬರುತ್ತದೆ. ಅದಕ್ಕೇ ನಾನು ಕಂಬಗಳನ್ನು ಮಡಿಯ ಒಳಗೆ ನಿಲ್ಲಿಸಲಿಲ್ಲ. ಬ್ಲಾಕ್ ಗೋಡೆಗೆ ಹೊರಗಿನಿಂದ ತಾಗಿದಂತೆ, ಗಟ್ಟಿಯಾದ ಕೆಮ್ಮಣ್ಣಿನ ನೆಲದಲ್ಲೇ ಹೂತೆ.

ಯಾವ ಬದಿಗೆ ನಿಲ್ಲಿಸುವುದು ಎಂದು ಬಿಸಿಲು ನೋಡಿ ತೀರ್ಮಾನಿಸಿದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದು. ಇವೆರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆದರೆ ಆ ನೆರಳು ಬಹಳ ಗಿಡ್ಡ. 6 ಅಡಿ ಚಪ್ಪರಕ್ಕೆ ಜೂನ್‌ನಲ್ಲಿ ಸುಮಾರು 1 ಅಡಿ, ಅಷ್ಟೇ. ಡಿಸೆಂಬರ್‌ನಲ್ಲಿ ಅದೇ ಚಪ್ಪರದ ನೆರಳು ಉತ್ತರಕ್ಕೆ ಸುಮಾರು ನಾಲ್ಕೂವರೆ ಅಡಿ ಚಾಚುತ್ತದೆ. ಹಾಗಾಗಿ ಚಪ್ಪರ ಮಡಿಯ ಉತ್ತರದ ಅಂಚಿನಲ್ಲಿರುವುದೇ ಸರಿ. ದಕ್ಷಿಣದ ಮಡಿಯ ಚಳಿಗಾಲದ ನೆರಳು ದಾರಿ ದಾಟಿ ಇನ್ನೊಂದು ಮಡಿಯ ಅಂಚಿಗೆ ಒಂದೂವರೆ ಅಡಿಯಷ್ಟು ತಾಗುತ್ತದೆ. ಆ ಪಟ್ಟಿಯಲ್ಲಿ ಪಾಲಕ್, ಕೊತ್ತಂಬರಿ ಹಾಕುತ್ತೇನೆ. ಅವಕ್ಕೆ ಅಷ್ಟು ಬಿಸಿಲು ಸಾಕು.

ಇದರಲ್ಲಿ ಗಾಳಿಗೂ ಲಾಭವಾಯಿತು. ಮುಂಗಾರಿನ ಗಾಳಿ ಇಲ್ಲಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬರುತ್ತದೆ. ಪೂರ್ವ ಪಶ್ಚಿಮಕ್ಕೆ ನಿಂತ ಚಪ್ಪರಕ್ಕೆ ಅದು ಅಂಚಿಗೆ ತಾಗಿ ಎರಡೂ ಬದಿ ಸವರಿಕೊಂಡು ಹೋಗುತ್ತದೆ. ಹಾಗಂತ ಅದನ್ನೇ ನಂಬಿ ಕೂರುವಂತಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯ ಗಾಳಿ ಯಾವ ದಿಕ್ಕಿನಿಂದ ಬೇಕಾದರೂ ಬಂದು ಅಪ್ಪಳಿಸುತ್ತದೆ.

ಈಗ ಸಾಮಾನು. ಕಂಬಕ್ಕೆ ಒಂದಿಂಚಿನ ಜಿ.ಐ. ಪೈಪ್ (ಜಿಂಕ್ ಲೇಪಿಸಿದ ಕಬ್ಬಿಣದ್ದು) ತೆಗೆದುಕೊಂಡೆ, ಎಸ್.ಜೆ.ಪಿ. ರೋಡಿನಲ್ಲಿ. ಪೈಪ್ ಮೇಲೆ ಬಣ್ಣದ ಪಟ್ಟಿ ಇರುತ್ತದೆ, ಅದನ್ನು ನೋಡಿ ಕೊಳ್ಳಬೇಕು. ಹಳದಿ ಅಂದರೆ ಲೈಟ್, ನೀಲಿ ಅಂದರೆ ಮೀಡಿಯಂ, ಕೆಂಪು ಅಂದರೆ ಹೆವಿ. ನಾನು ಆರಿಸಿದ್ದು ನೀಲಿ, ಬಿ ಕ್ಲಾಸ್ ಅನ್ನುತ್ತಾರೆ. ಅಂಗಡಿಯವರೂ "ಥ್ರೆಡ್ ಹೊಡೆಸ್ತೀರಾ ಅಂದ್ರೆ ಹಳದಿ ಬೇಡ ಸಾರ್, ತೆಳು" ಎಂದರು. ಸರಿಯಾದ ಮಾತು. ಥ್ರೆಡ್ (ತಿರುಗಿಸಿ ಕೂರಿಸಲು ಸ್ಕ್ರೂವಿನಂಥ ಗೆರೆ) ಹೊಡೆದ ಕಡೆ ಪೈಪಿನ ದಪ್ಪವೇ ಕಡಿಮೆಯಾಗುತ್ತದೆ, ತೆಳು ಪೈಪಾದರೆ ಅಲ್ಲೇ ಮುರಿಯುತ್ತದೆ.

ಪೈಪ್ ಬರುವುದು 20 ಅಡಿ ಉದ್ದಕ್ಕೆ. ನನ್ನ ಕಂಬ 9 ಅಡಿ: 2 ಅಡಿ ನೆಲದೊಳಗೆ, 1 ಅಡಿ ಮಡಿಯ ಎತ್ತರ, ಅದರ ಮೇಲೆ 6 ಅಡಿ. ಒಂದು ಪೈಪಿಗೆ ಎರಡು ಕಂಬ. ಅಡ್ಡಪಟ್ಟಿ 8 ಅಡಿ, ಒಂದು ಪೈಪಿಗೆ ಎರಡು ಪಟ್ಟಿ. ಎರಡು ಮಡಿಗೆ ಮೂರು ಪೈಪ್ ಸಾಕು. ಅಂಗಡಿಯಲ್ಲೇ ಕತ್ತರಿಸಿ, ಥ್ರೆಡ್ ಹೊಡೆಸಿ, ಮೂಲೆಯಲ್ಲಿ ಪೈಪ್ ಜೋಡಿಸುವ ನಾಲ್ಕು ಎಲ್ಬೋ ತೆಗೆದುಕೊಂಡು ಲಗೇಜ್ ಆಟೋದಲ್ಲಿ ತಂದೆ. ವೆಲ್ಡಿಂಗ್ ಬೇಕಾಗಲಿಲ್ಲ. ಮುಂದೆ ಜಾಗ ಬದಲಿಸಿದರೆ ಬಿಚ್ಚಿ ಒಯ್ಯಬಹುದು. ಥ್ರೆಡ್ ಹೊಡೆದ ಕಡೆ ಜಿಂಕ್ ಲೇಪನ ಹೋಗಿರುತ್ತದೆ, ತುಕ್ಕು ಹಿಡಿಯುವುದು ಅಲ್ಲಿಂದಲೇ. ಜೋಡಿಸಿದ ಮೇಲೆ ಅಲ್ಲಿಗೆ ರೆಡ್ ಆಕ್ಸೈಡ್ ಬಳಿದೆ.

ಕಂಬಕ್ಕೂ ಬೊಂಬೇ ಹಾಕಬಹುದಲ್ವಾ ಎಂದು ಕೇಳುವವರಿದ್ದಾರೆ. ಮಣ್ಣಿಗೆ ತಾಗದ ಕಡೆ ಬೊಂಬು ಬಹಳ ಒಳ್ಳೆಯದು, ನಾನೂ ಬಳಸಿದ್ದೇನೆ. ಆದರೆ ದಿನಾ ನೀರು ಬೀಳುವ ಮಡಿಯ ಪಕ್ಕದಲ್ಲಿ ಹೂತರೆ ಬುಡ ಕೊಳೆಯುತ್ತದೆ, ಇಲ್ಲ ಗೆದ್ದಲು ಹಿಡಿಯುತ್ತದೆ. ಮೇಲೆ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಕಾಯಿ ತುಂಬಿದ ಹೊತ್ತಿಗೆ ಕೆಳಗೆ ಮುರಿಯುತ್ತದೆ.

ನಿಲ್ಲಿಸುವ ಕೆಲಸಕ್ಕೆ ಇಬ್ಬರು ಬೇಕು. ಎರಡು ಕಂಬ, ಒಂದು ಅಡ್ಡಪಟ್ಟಿ, ಎರಡು ಎಲ್ಬೋ ನೆಲದ ಮೇಲೇ ಜೋಡಿಸಿ ಬಿಗಿ ಮಾಡಿಕೊಂಡೆವು. ಮಡಿಯ ಎರಡು ಗಿಡ್ಡ ಬದಿಗಳ ಉತ್ತರದ ಮೂಲೆಗೆ ಹಾರೆಯಿಂದ 2 ಅಡಿ ಗುಂಡಿ ತೋಡಿದ್ದಾಗಿತ್ತು. ನಾನು ಒಂದು ಕಡೆ, ಅಣ್ಣ ಇನ್ನೊಂದು ಕಡೆ ಹಿಡಿದು ಇಡೀ ಚೌಕಟ್ಟನ್ನು ಒಮ್ಮೆಗೇ ಎತ್ತಿ ಇಳಿಸಿದೆವು. ಬುಡಕ್ಕೆ ಒಂದಿಷ್ಟು ಜಲ್ಲಿ, ಆಮೇಲೆ ಅದೇ ಕೆಮ್ಮಣ್ಣು. ಮಣ್ಣನ್ನು ಒಮ್ಮೆಗೇ ಸುರಿಯಬಾರದು. ಒಂದು ಗೇಣು ತುಂಬಿ, ನೀರು ಚಿಮುಕಿಸಿ, ಹಾರೆಯ ಹಿಂಬದಿಯಿಂದ ಚೆನ್ನಾಗಿ ಗುದ್ದಬೇಕು. ಮತ್ತೆ ಒಂದು ಗೇಣು, ಮತ್ತೆ ಗುದ್ದು. ನಡುನಡುವೆ ರಸಮಟ್ಟ ಇಟ್ಟು ಕಂಬ ನೆಟ್ಟಗಿದೆಯಾ ನೋಡಬೇಕು. ಹೀಗೆ ಗುದ್ದಿದ ಕೆಮ್ಮಣ್ಣು ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಸಿಮೆಂಟ್ ಹಾಕಲಿಲ್ಲ.

ಇಷ್ಟಾದರೂ ಚೌಕಟ್ಟು ಉತ್ತರ ದಕ್ಷಿಣಕ್ಕೆ ತೂಗಾಡುತ್ತದೆ. ಅಗಲ ಇಲ್ಲದ ಎತ್ತರದ ವಸ್ತು ಅಲ್ವಾ? ತಂತಿ ಎಳೆದು ಕಟ್ಟಿದರೆ ಅದು ಒಂದೇ ದಿಕ್ಕಿಗೆ ಹಿಡಿಯುತ್ತದೆ, ಎದುರು ದಿಕ್ಕಿಗೆ ಇನ್ನೊಂದು ತಂತಿ ಬೇಕು, ದಾರಿಯಲ್ಲಿ ಕಾಲಿಗೆ ತೊಡರುತ್ತದೆ. ಬೊಂಬು ಹಾಗಲ್ಲ, ಎಳೆತವನ್ನೂ ತಡೆಯುತ್ತದೆ, ತಳ್ಳುವುದನ್ನೂ ತಡೆಯುತ್ತದೆ. ಕಂಟೋನ್ಮೆಂಟ್ ಹತ್ತಿರದ ಬಂಬೂ ಬಜಾರಿನಿಂದ ಒಂದೂವರೆ ಇಂಚು ದಪ್ಪದ ಬೊಂಬು ತಂದೆ. ಉತ್ತರದ ಚೌಕಟ್ಟಿನ ಅಡ್ಡಪಟ್ಟಿಯಿಂದ ಕಾಂಪೌಂಡ್ ಗೋಡೆಗೆ ಎರಡೆರಡು ಅಡಿಗೆ ಒಂದರಂತೆ ಬೊಂಬು ಹಾಯಿಸಿದೆ. ಗೋಡೆಯ ತುದಿಗೆ ಕೊಕ್ಕೆ ಇರುವ ಫಾಸ್ಟನರ್ ಬಿಗಿದು ಬೈಂಡಿಂಗ್ ವೈರಿನಿಂದ ಕಟ್ಟಿದೆ. ದಕ್ಷಿಣದ ಚೌಕಟ್ಟನ್ನು ಉತ್ತರದ್ದಕ್ಕೆ ಎರಡು ತುದಿಯಲ್ಲಿ ಎರಡೇ ಬೊಂಬಿನಿಂದ ಜೋಡಿಸಿದೆ, ನಡುವೆ ಬಿಸಿಲು ಬೀಳಬೇಕಲ್ಲ. ಈಗ ಗಾಳಿ ಯಾವ ಕಡೆಯಿಂದ ತಳ್ಳಿದರೂ ಬಲ ಹೋಗುವುದು ಗೋಡೆಗೆ. ಗೋಡೆ ನಿಮ್ಮದೇ ಆಗಿದ್ದರೆ ಸರಿ, ಪಕ್ಕದ ಮನೆಯವರದ್ದಾದರೆ ಮೊದಲು ಅವರನ್ನು ಕೇಳಿ.

ಹೀಗೆ ಉತ್ತರದ ದಾರಿಯ ಮೇಲೆ ನಿಜವಾದ ಚಪ್ಪರವೇ ಆಯಿತು. ಹೀರೆ, ಪಡವಲಕ್ಕೆ ಇದೇ ಬೇಕು. ನೆಟ್ಟನೆಯ ಬಲೆಯಲ್ಲಿ ಕಾಯಿ ಕಣ್ಣುಗಳ ನಡುವೆ ಸಿಕ್ಕಿ ಡೊಂಕಾಗುತ್ತದೆ. ಚಪ್ಪರದಿಂದ ಕೆಳಗೆ ತೂಗಿದರೆ ನೇರವಾಗಿ ಇಳಿಯುತ್ತದೆ. ಪಡವಲಕಾಯಿ ಎಳೆಯದಾಗಿದ್ದಾಗ ತುದಿಗೆ ಸಣ್ಣ ಕಲ್ಲು ಕಟ್ಟುವ ಹಳೆಯ ಪದ್ಧತಿಯನ್ನು ನಾನೂ ಇಟ್ಟುಕೊಂಡಿದ್ದೇನೆ.

ಬಲೆಯ ಬಗ್ಗೆ ಸ್ವಲ್ಪ ಹೇಳಬೇಕು. ಹೀರೆ, ಹಾಗಲ, ಪಡವಲ ಹತ್ತುವುದು ಕುಡಿಬಳ್ಳಿಯಿಂದ. ಆ ಎಳೆ ತೆಳುವಾದದ್ದನ್ನು ಮಾತ್ರ ಸುತ್ತಿ ಹಿಡಿಯುತ್ತದೆ. ದಪ್ಪ ಪೈಪ್ ಅದರ ಹಿಡಿತಕ್ಕೆ ಸಿಗುವುದಿಲ್ಲ. ಅವಕ್ಕೆ 6 ಇಂಚು ಕಣ್ಣಿನ ಕ್ರೀಪರ್ ನೆಟ್ ಹಾಕಿದೆ. ಕಣ್ಣು ಅಷ್ಟಿದ್ದರೆ ಕೈ ತೂರಿಸಿ ಕಾಯಿ ಕೀಳಬಹುದು. ಹುರುಳಿಕಾಯಿ, ಅಲಸಂದೆ, ಅವರೆ ಹಾಗಲ್ಲ. ಅವುಗಳ ಕಾಂಡವೇ ಸುತ್ತಿಕೊಂಡು ಮೇಲೇರುತ್ತದೆ. ಅದಕ್ಕೆ ಒಂದು ದಾರ ಸಾಕು. ದಕ್ಷಿಣದ ಮಡಿಯಲ್ಲಿ ಮಣ್ಣಿನಿಂದ ಅರ್ಧ ಅಡಿ ಮೇಲೆ 14 ಗೇಜ್ ತಂತಿ ಎಳೆದು, ಅದರಿಂದ ಅಡ್ಡಪಟ್ಟಿಗೆ ಒಂದೊಂದು ಅಡಿಗೆ ಸೆಣಬಿನ ಸುತಲಿ ಕಟ್ಟಿದೆ. ಸುತಲಿ ನೆನೆದರೆ ಕುಗ್ಗುತ್ತದೆ, ಆದ್ದರಿಂದ ತುಸು ಸಡಿಲ ಬಿಡಬೇಕು. ಬೆಳೆ ಮುಗಿದ ಮೇಲೆ ಒಣಬಳ್ಳಿಯನ್ನು ಸುತಲಿ ಸಮೇತ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ನೈಲಾನ್ ಬಲೆಯಿಂದ ಒಣಬಳ್ಳಿ ಬಿಡಿಸುವುದಕ್ಕೆ ತುಂಬ ಹೊತ್ತು ಹಿಡಿಯುತ್ತದೆ. ಅದಕ್ಕೇ ಎಲ್ಲ ಕಡೆ ಬಲೆ ಹಾಕಲಿಲ್ಲ.

ಬೀಜ ಹಾಕಿದ್ದು ಇದೆಲ್ಲ ಮುಗಿದ ಮೇಲೆಯೇ. ಬೇರೆ ಯಾವುದನ್ನು ಮುಂದಕ್ಕೆ ಹಾಕಿದರೂ ಚಪ್ಪರದ ಕೆಲಸವನ್ನು ಮುಂದಕ್ಕೆ ಹಾಕಬೇಡಿ. ಬಳ್ಳಿ ಹಬ್ಬಿದ ಮೇಲೆ ಗುಂಡಿ ತೋಡಿದರೆ ಬೇರಿಗೆ ಪೆಟ್ಟು. ಬೀಜಕ್ಕೆ ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ತಳಿಗಳು ನನಗೆ ಇಷ್ಟ: ಹೀರೆಯಲ್ಲಿ ಅರ್ಕಾ ಸುಮೀತ್, ಅಲಸಂದೆಯಲ್ಲಿ ಅರ್ಕಾ ಮಂಗಳ. ಅರ್ಕಾ ಮಂಗಳ ಹತ್ತುವ ಬಳ್ಳಿ, ಕಾಯಿ ಮೊಳಕ್ಕಿಂತ ಉದ್ದ ಬರುತ್ತದೆ. ಎಳೆ ಬಳ್ಳಿಯನ್ನು ಬಲೆಗೆ ಕಟ್ಟಲು ಹಳೆಯ ಬನಿಯನ್ ಚಿಂದಿಯೇ ಚೆನ್ನ. ಕಾಂಡಕ್ಕೂ ಬಲೆಗೂ ನಡುವೆ ಒಂದು ಸುತ್ತು ಹೊರಳಿಸಿ, ಕಿರುಬೆರಳು ತೂರುವಷ್ಟು ಸಡಿಲ ಬಿಡುತ್ತೇನೆ.

ಟೆರೇಸಿನವರಿಗೆ ಒಂದು ಮಾತು. ಸ್ಲ್ಯಾಬಿಗೆ ಡ್ರಿಲ್ ಹಾಕಲೇಬೇಡಿ, ಮಳೆಗಾಲದಲ್ಲಿ ಸೋರುತ್ತದೆ. 20 ಲೀಟರಿನ ಪೇಂಟ್ ಡಬ್ಬಿಯಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿದರೆ ಸುಮಾರು 48 ಕಿಲೋ ತೂಕದ ಬುಡ ಸಿಗುತ್ತದೆ. ಅದನ್ನು ಸ್ಲ್ಯಾಬಿನ ನಡುವೆ ಇಡದೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಿ, ಮೇಲ್ತುದಿಯನ್ನು ಪ್ಯಾರಪೆಟ್ ಗೋಡೆಗೆ ಬೊಂಬಿನಿಂದ ಜೋಡಿಸಿ. ಮೇಲೆ ಗಾಳಿ ಇನ್ನೂ ಜಾಸ್ತಿ, ಅಲ್ಲಿ ಚಪ್ಪರದ ಎತ್ತರ 5 ಅಡಿ ಸಾಕು. ಮೇ ಕೊನೆಯಲ್ಲಿ ಒಮ್ಮೆ ಎಲ್ಲ ಕಟ್ಟು, ಕೊಕ್ಕೆ, ಎಲ್ಬೋ ಅಲುಗಾಡಿಸಿ ನೋಡಿ. ಸಡಿಲಾದದ್ದನ್ನು ಆಷಾಢಕ್ಕೆ ಮೊದಲೇ ಬಿಗಿ ಮಾಡಿಕೊಳ್ಳಿ.