ಪ್ಲಾಸ್ಮಾನ್ ಸೆಲ್‌ನಲ್ಲಿ ಬೆಳಕು ವೋಲ್ಟೇಜ್‌ಗೆ ನಿಲ್ಲದಿದ್ದಾಗ

ಚಿನ್ನದ ಪದರದ ಮೇಲೆ ಬೆಳಕು ಎಬ್ಬಿಸುವ ಎಲೆಕ್ಟ್ರಾನ್ ಅಲೆಯೇ ಪ್ಲಾಸ್ಮಾನ್. ಅದನ್ನು ವೋಲ್ಟೇಜ್‌ನಿಂದ ಬದಲಿಸಲು ನಾನು ಕಟ್ಟಿದ ಸೆಲ್ ಇದು: ಎಸ್‌ಎಫ್11 (ಬೆಳಕನ್ನು ಹೆಚ್ಚು ಬಾಗಿಸುವ ಗಾಜು) ಪ್ರಿಸಂ, 50 ನ್ಯಾನೋಮೀಟರ್ ಚಿನ್ನದ ಪದರ, ಮೇಲೆ ಲಿಕ್ವಿಡ್ ಕ್ರಿಸ್ಟಲ್ (ವೋಲ್ಟೇಜ್ ಕೊಟ್ಟರೆ ಅಣುಗಳು ತಿರುಗುವ ದ್ರವ), 633 ನ್ಯಾನೋಮೀಟರ್ ಲೇಸರ್. ಡಿಸಿ (ದಿಕ್ಕು ಬದಲಿಸದ) ವೋಲ್ಟೇಜ್ ಕೊಟ್ಟ ತಕ್ಷಣ ಪ್ರತಿಫಲಿಸಿದ ಬೆಳಕು ಬದಲಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಹಿಂದಕ್ಕೆ ಜಾರುತ್ತಿತ್ತು. ವೋಲ್ಟೇಜ್ ಜಾಸ್ತಿ ಮಾಡಿದೆ, ಲೇಸರ್ ಬದಲಿಸಿದೆ, ಹೊಸ ಸೆಲ್ ಕಟ್ಟಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಕಾರಣ, ಕ್ರಿಸ್ಟಲ್‌ನಲ್ಲಿ ಉಳಿದಿರುವ ಅಯಾನುಗಳು. ಡಿಸಿ ಇದ್ದರೆ ಅವು ಎಲೆಕ್ಟ್ರೋಡ್ ಹತ್ತಿರ ಸೇರಿಕೊಂಡು ಒಳಗಿನ ವಿದ್ಯುತ್ ಕ್ಷೇತ್ರವನ್ನೇ ತಗ್ಗಿಸುತ್ತವೆ. ಹಾಗಾಗಿ ಅವು ಸೇರಿಕೊಳ್ಳುವ ಮೊದಲೇ ದಿಕ್ಕು ಬದಲಿಸುವ ವೋಲ್ಟೇಜ್ ಬೇಕು.

ಮೊದಲು ವೋಲ್ಟೇಜ್ ಸೊನ್ನೆಯಲ್ಲಿಡಿ. ಪಿ-ಪೋಲರೈಸೇಶನ್‌ನಲ್ಲಿ (ಬೆಳಕಿನ ವಿದ್ಯುತ್ ಕ್ಷೇತ್ರ ಬೆಳಕು ಬಿದ್ದು ಪ್ರತಿಫಲಿಸುವ ಸಮತಲದಲ್ಲೇ ಕಂಪಿಸುವಂತೆ ಇಟ್ಟು) ಪ್ರತಿಫಲಿಸಿದ ಬೆಳಕು ತೀರಾ ಕಡಿಮೆಯಾಗುವ ಕೋನ ಹುಡುಕಿ. ಅಲ್ಲೇ ನಿಲ್ಲಬೇಡಿ, ಕೋನಕ್ಕೆ ತಕ್ಕಂತೆ ಬೆಳಕಿನ ಗ್ರಾಫ್ ಕಡಿದಾಗಿ ಏರುವ ಕಡೆಗೆ ಚೂರು ಸರಿಸಿ. ಸಣ್ಣ ಬದಲಾವಣೆಯೂ ಎದ್ದು ಕಾಣುವುದು ಅಲ್ಲೇ. ಈಗ 1 ಕಿಲೋಹರ್ಟ್ಸ್ ಚೌಕ ತರಂಗ ಕೊಡಿ. ಆಫ್‌ಸೆಟ್ (ತರಂಗದಲ್ಲಿ ಬೆರೆತ ಡಿಸಿ) ಸೊನ್ನೆಯಿದೆಯೇ ಎಂದು ಆಸಿಲೋಸ್ಕೋಪನ್ನು ಡಿಸಿಯನ್ನೂ ತೋರಿಸುವ ಡಿಸಿ ಕಪ್ಲಿಂಗ್‌ನಲ್ಲಿಟ್ಟೇ ನೋಡಿ. ಆಮೇಲೆ 10 ವೋಲ್ಟ್‌ವರೆಗೆ ನಿಧಾನಕ್ಕೆ ಏರಿಸಿ. ಬೆಳಕು ಕೊಟ್ಟ ಮಟ್ಟದಲ್ಲೇ ನಿಲ್ಲುತ್ತದೆ.

ಬಿಕೆ7 (ಸಾಮಾನ್ಯ ಆಪ್ಟಿಕಲ್ ಗಾಜು) ಪ್ರಿಸಂ ಇಲ್ಲಿ ಸಾಲದು. ಪ್ಲಾಸ್ಮಾನ್ ಎಬ್ಬಿಸಲು ಪ್ರಿಸಂನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) ಕ್ರಿಸ್ಟಲ್‌ನದಕ್ಕಿಂತ ಹೆಚ್ಚಿರಬೇಕು. ಬಿಕೆ7ರದು 1.515, ಕ್ರಿಸ್ಟಲ್‌ನದು ಅದಕ್ಕಿಂತ ಜಾಸ್ತಿ.